ಅಯಾನುಗಳ ಬೆನ್ನು ಹತ್ತಿದ ಜ್ಞಾನಚಂದ್ರ ಘೋಷ್

ಬೋರ್‌ವೆಲ್ ನೀರು ಕಾಯಿಸಿದ ಹಂಡೆಯ ತಳದಲ್ಲಿ ಬಿಳಿ ಸುಣ್ಣ ಕಟ್ಟುವುದನ್ನು ನಮ್ಮೂರಿನವರೆಲ್ಲ ಬಲ್ಲರು. ನೀರಿನಲ್ಲಿ ಕಣ್ಣಿಗೆ ಕಾಣದಂತೆ ಕರಗಿದ್ದ ಕ್ಯಾಲ್ಸಿಯಂನ ಕೆಲಸ ಅದು. ಕರಗಿದ ಲೋಹ ನೀರಿನೊಳಗೆ ಹೇಗಿರುತ್ತದೆ? ಈ ಪ್ರಶ್ನೆಗೆ ಇಪ್ಪತ್ತನಾಲ್ಕರ ಹರೆಯದಲ್ಲೇ ಉತ್ತರ ಹುಡುಕಿದವರು ಜ್ಞಾನಚಂದ್ರ ಘೋಷ್. ಮುಂದೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾದವರು.

1894ರಲ್ಲಿ ಪುರುಲಿಯಾದಲ್ಲಿ ಜನನ. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಫುಲ್ಲಚಂದ್ರ ರಾಯ್ ಅವರ ಶಿಷ್ಯ. ಸತ್ಯೇಂದ್ರನಾಥ ಬೋಸ್, ಮೇಘನಾದ ಸಹಾ ಸಹಪಾಠಿಗಳು. ಎಂಥ ತರಗತಿ ಅದು!

ಉಪ್ಪು ನೀರಿನಲ್ಲಿ ಭಾಗಶಃ ಮಾತ್ರ ಅಯಾನುಗಳಾಗಿ ಒಡೆಯುತ್ತದೆಂದು ಅರ್ಹೇನಿಯಸ್ ಹೇಳಿದ್ದರು. ಪೂರ್ತಿಯಾಗಿಯೇ ಒಡೆಯುತ್ತದೆ, ಆದರೆ ಅಯಾನುಗಳು ಒಂದನ್ನೊಂದು ಸೆಳೆದುಕೊಂಡು ಹರಳಿನೊಳಗಿನಂತೆ ಸಾಲುಗಟ್ಟಿರುತ್ತವೆ ಎಂದು ಘೋಷ್ 1918ರಲ್ಲಿ ವಾದಿಸಿದರು. ಯುರೋಪಿನವರೂ ತಿರುಗಿ ನೋಡಿದರು. ಐದೇ ವರ್ಷಕ್ಕೆ, 1923ರಲ್ಲಿ, ಡಿಬೈ ಮತ್ತು ಹುಕೆಲ್ ಆ ಸಾಲನ್ನು ಕೆಡವಿದರು: ಪ್ರತಿ ಅಯಾನಿನ ಸುತ್ತ ವಿರುದ್ಧ ಆವೇಶದ ಮೋಡವಿರುತ್ತದೆಯೇ ಹೊರತು ಹರಳಿನ ಕಟ್ಟುನಿಟ್ಟು ಇರದು. ಪೂರ್ಣ ಒಡೆಯುವಿಕೆಯ ಮಾತು ಮಾತ್ರ ಉಳಿಯಿತು. ಸೋತ ಸಿದ್ಧಾಂತವೆಂದು ಘೋಷರನ್ನು ಬದಿಗಿಡುವುದು ನನಗೆ ಸರಿಕಾಣದು.

ಗಾಢ ಆಮ್ಲದಲ್ಲಂತೂ ಅಯಾನುಗಳ ನಂಟು ಇನ್ನೂ ಗಟ್ಟಿ. ಗಾಢ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಬ್ಬಿಣದ ಅಯಾನು ನಾಲ್ಕು ಕ್ಲೋರೈಡುಗಳನ್ನು ಮೈಗೆ ಸುತ್ತಿಕೊಂಡು, ಧನಾವೇಶ ಕಳೆದು ಋಣಾವೇಶ ಪಡೆಯುತ್ತದೆ. ನಿಕ್ಕಲ್ ಹಾಗೆ ಮಾಡದು. ಎರಡನ್ನೂ ಬೆರೆಸಿ ಅಯಾನು ವಿನಿಮಯದ ರಾಳದ ಮಣಿಗಳ ಮೇಲೆ ಸುರಿದರೆ, ಋಣ ಅಯಾನುಗಳನ್ನು ಹಿಡಿಯುವ ಮಣಿಗಳು ಕಬ್ಬಿಣವನ್ನು ತಡೆದು ನಿಕ್ಕಲನ್ನು ಬಿಟ್ಟುಕೊಡುತ್ತವೆ. ಆಮೇಲೆ ತೀರ ತೆಳುವಾದ ಆಮ್ಲ ಹಾಕಿದರೆ ಕ್ಲೋರೈಡುಗಳು ಕಳಚಿ ಕಬ್ಬಿಣವೂ ಇಳಿದು ಬರುತ್ತದೆ. ಬಿಸಿಯಿಲ್ಲ, ಬೆಂಕಿಯಿಲ್ಲ, ಆಮ್ಲದ ಗಾಢತೆ ಬದಲಿಸಿದರೆ ಸಾಕು, ಲೋಹಗಳು ಬೇರೆಬೇರೆ.

ಢಾಕಾದಲ್ಲಿ ಹದಿನೆಂಟು ವರ್ಷ ಪಾಠ ಹೇಳಿದ ಘೋಷ್ 1939ರಲ್ಲಿ ಬೆಂಗಳೂರಿಗೆ ಬಂದರು. ಯುದ್ಧದ ಕಾಲ. ರಸಾಯನಶಾಸ್ತ್ರಜ್ಞರಾದರೂ 1942ರಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ತೆರೆಸಿದರು. ಲೋಹಶಾಸ್ತ್ರದ ವಿಭಾಗವೂ ಅವರ ಕಾಲದ್ದೇ. 1950ರಲ್ಲಿ ಖರಗ್‌ಪುರದ ಐಐಟಿಗೆ ಮೊದಲ ನಿರ್ದೇಶಕರಾದರು. ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಹಿಜ್ಲಿ ಬಂದೀಖಾನೆಯ ಕಟ್ಟಡದಲ್ಲೇ ಅಲ್ಲಿಯ ಪಾಠಗಳು ಶುರುವಾದವು. ಬಳಿಕ ಕಲ್ಕತ್ತ ವಿಶ್ವವಿದ್ಯಾಲಯದ ಕುಲಪತಿ, ಯೋಜನಾ ಆಯೋಗದ ಸದಸ್ಯ. ಆ ಹೊಣೆಯಲ್ಲಿರುವಾಗಲೇ 1959ರ ಜನವರಿಯಲ್ಲಿ ತೀರಿಕೊಂಡರು.