ಸಂತ ಶಿಶುನಾಳ ಶರೀಫರು: ಸೋರುವ ಮಾಳಿಗೆಯ ಒಗಟು

ಮಿಶ್ರಿಕೋಟಿ, ಕುಂದಗೋಳ, ನವಲಗುಂದದ ಕಡೆ ಭಜನೆಗೆ ಕುಳಿತಾಗ ನಾವು ಶರೀಫರ ತತ್ತ್ವಪದಗಳನ್ನು ತಾಳ ಹಾಕಿ ಹಾಡುತ್ತೇವೆ. ಆ ಪದಗಳು ನಮ್ಮನ್ನೇ ಕುರಿತು ಆಡಿದ ಮಾತುಗಳೆಂಬುದು ಮಾತ್ರ ಎಷ್ಟೋ ಸಲ ಮರೆತುಹೋಗುತ್ತದೆ.

ಶರೀಫರು 1819ರಲ್ಲಿ ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನ ಶಿಶುವಿನಹಾಳದಲ್ಲಿ ಜನಿಸಿದರು. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ಕುರಾನಿನೊಂದಿಗೆ ರಾಮಾಯಣ, ಮಹಾಭಾರತ, ಅಲ್ಲಮಪ್ರಭುಗಳ ವಿಚಾರಗಳೂ ಆ ಮನೆಯಲ್ಲಿ ಬಾಲಕನ ಕಿವಿಗೆ ಬಿದ್ದವು. ಕೆಲಕಾಲ ಶಾಲೆಯಲ್ಲಿ ಕಲಿಸಿದ ಅವರು ಬಳಿಕ ಕುಂದಗೋಳ ತಾಲೂಕಿನ ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದರು. ಬ್ರಾಹ್ಮಣ ಗುರು, ಮುಸಲ್ಮಾನ ಶಿಷ್ಯ. ಎರಡೂ ಕಡೆಯ ಸಂಪ್ರದಾಯಸ್ಥರು ಮುನಿದರು. ಗುರುಗಳು ಶಿಷ್ಯನಿಗೆ ಜನಿವಾರ ತೊಡಿಸಿದರೆಂದು ಜನ ಇಂದಿಗೂ ನೆನೆಯುತ್ತಾರೆ.

ಇಷ್ಟು ವಿರೋಧ ಕಂಡವರು ನೇರವಾಗಿ ನಿಂದಿಸಬಹುದಿತ್ತು. ಶರೀಫರು ಹೆಚ್ಚಾಗಿ ರೂಪಕವನ್ನೇ ಆಯ್ದುಕೊಂಡರು. ಮಣ್ಣಿನ ಮಾಳಿಗೆಯ ಮನೆಗಳ ಈ ಸೀಮೆಯಲ್ಲಿ ಮಳೆಗಾಲಕ್ಕೆ ಮುನ್ನ ಮೇಲೇರಿ ಮಣ್ಣು ಸರಿಪಡಿಸದಿದ್ದರೆ ಮನೆಯೆಲ್ಲ ಸೋರುತ್ತದೆ. ಆ ಸೋರಿಕೆಯನ್ನೇ ಅವರು ಹಾಡಾಗಿಸಿದರು. ಅರಿವು ಕಳೆದುಕೊಂಡ ದೇಹವೇ ಆ ಮನೆ ಎಂಬುದು ರೂಢಿಯ ಅರ್ಥ. ಆದರೆ ಅದೇ ಮಾತು ಮತಕ್ಕೂ ಜಾತಿಗೂ ಅಧಿಕಾರಕ್ಕೂ ಹೊಂದುತ್ತದೆ. ಹೆಸರು ಹಿಡಿದು ಬೈದಿದ್ದರೆ ಬೈಸಿಕೊಂಡವನು ಎದ್ದು ಹೋಗುತ್ತಿದ್ದ. ಮನೆ ಸೋರುತ್ತಿದೆ ಎಂದಾಗ ಒಳಗಿದ್ದವರೆಲ್ಲರೂ ತಲೆಯೆತ್ತಿ ನೋಡಲೇಬೇಕು. ರೂಪಕದ ಬಲವಿರುವುದು ಇಲ್ಲಿಯೇ.

ಮತ್ತೊಂದು ಪದದಲ್ಲಿ ಕೋಳಿ ಕೋಡಗವನ್ನು ನುಂಗುತ್ತದೆ, ಆಡು ಆನೆಯನ್ನು ನುಂಗುತ್ತದೆ. ಕೊನೆಗೆ ಗುರುಪಾದವು ಆತ್ಮವನ್ನೇ ನುಂಗುತ್ತದೆ. ಇದು ಅನುಭಾವದ ಒಗಟು. ಆದರೂ ಮೇಲು ಕೀಳಿನ ಲೆಕ್ಕ ಶಾಶ್ವತವಲ್ಲವೆಂಬ ಎಚ್ಚರಿಕೆಯನ್ನು ಅದರಲ್ಲಿ ನಾವು ಕೇಳುತ್ತೇವೆ. ಹುಬ್ಬಳ್ಳಿಗೆ ಹತ್ತಿಯ ಗಿರಣಿ ಬಂದಾಗ ಜನ ಬೆರಗಾಗಿ ನಿಂತರು. ಶರೀಫರು ಆ ಹೊಸ ಯಂತ್ರದಲ್ಲಿಯೂ ತತ್ತ್ವವನ್ನು ಕಂಡು ಹಾಡಿದರು.

ಈ ದಾರಿ ನಮಗೆ ಹೊಸದಲ್ಲ. 12ನೆಯ ಶತಮಾನದಲ್ಲಿ ಬಸವಣ್ಣನವರು ದೇಹವನ್ನೇ ದೇಗುಲವೆಂದಾಗ ಕಲ್ಲಿನ ಗುಡಿಯ ಗರ್ವ ಕುಗ್ಗಿತ್ತು. ಅಂಬಿಗರ ಚೌಡಯ್ಯನವರು ದೋಣಿಯನ್ನೂ ಮಡಿವಾಳ ಮಾಚಿದೇವರು ಮಡಿ ಮಾಡುವ ಕಾಯಕವನ್ನೂ ಅರಿವಿನ ಮಾತಾಗಿಸಿದರು. ಶಿಶುನಾಳದ ಬಸವಣ್ಣನನ್ನೇ ಅಂಕಿತದಲ್ಲಿ ನೆನೆದ ಶರೀಫರು ಆ ಪರಂಪರೆಯನ್ನು ಊರ ಜನರ ನುಡಿಯಲ್ಲಿ ಮುಂದುವರಿಸಿದರು.

1889ರಲ್ಲಿ ಅವರು ಲಿಂಗೈಕ್ಯರಾದಾಗ ಹಿಂದೂಗಳೂ ಮುಸಲ್ಮಾನರೂ ತಮ್ಮ ತಮ್ಮ ವಿಧಿಗಳನ್ನು ನೆರವೇರಿಸಿದರು. ಶಿಶುನಾಳದ ಗದ್ದುಗೆಗೆ ಇಂದಿಗೂ ಇಬ್ಬರೂ ನಡೆದುಕೊಳ್ಳುತ್ತಾರೆ.

ಗುಡಿ, ಮಸೀದಿಗಳ ಸೋರಿಕೆ ನಮಗೆ ಬೇಗ ಕಾಣುತ್ತದೆ. ಮಠದ ಮಾಳಿಗೆಯೂ ಮಣ್ಣಿನದೇ. ಶರೀಫರ ಪದ ಹಾಡುವ ನಾವು ಮೊದಲು ನಮ್ಮ ಮನೆಯ ಮೇಲೇರಿ ನೋಡೋಣ.