ನ್ಯಾಯಪೀಠದಲ್ಲಿ ಬುಕ್ಕರಾಯ

ವಿಜಯನಗರದ ಬುಕ್ಕರಾಯನು ಸಂಗಮನ ಪುತ್ರ, ಹರಿಹರನ ಸೋದರ. 1336ರಲ್ಲಿ ಅಣ್ಣನೊಡನೆ ರಾಜ್ಯಕ್ಕೆ ತಳಹದಿ ಹಾಕಿದ ಈತನು ಅಣ್ಣನ ಕಾಲಾನಂತರ 1356ರಿಂದ 1377ರವರೆಗೆ ಆಳಿದನು. ಈತನ ಮಗ ಕಂಪಣನು ಮಧುರೆಯ ಸುಲ್ತಾನನನ್ನು ಜಯಿಸಿದನು. ಜೈನನಾದ ಬೈಚಪ್ಪ ದಂಡನಾಯಕನು ಈತನ ಮಂತ್ರಿಯಾಗಿದ್ದನು. ಆದರೂ ಶ್ರಾವಕರು ಬುಕ್ಕರಾಯನನ್ನು ಮುಖ್ಯವಾಗಿ ನೆನೆಯುವುದು ಆತನು ನೀಡಿದ ಒಂದು ತೀರ್ಪಿಗಾಗಿ.

ಆ ಕಾಲದಲ್ಲಿ ಊರಿನ ವ್ಯಾಜ್ಯಗಳನ್ನು ಊರಿನ ಹಿರಿಯರು, ನಾಡಿನ ವ್ಯಾಜ್ಯಗಳನ್ನು ನಾಡವರು ಬಗೆಹರಿಸುತ್ತಿದ್ದರು. ಅಲ್ಲಿ ತೀರದವುಗಳಿಗೆ ಅರಸನೇ ಪರಮ ನ್ಯಾಯಾಧಿಪತಿ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾಯಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ನಾಡುಗಳ ಭವ್ಯಜನರು ತಮಗಾದ ಅನ್ಯಾಯವನ್ನು ರಾಯನಲ್ಲಿ ಬಿನ್ನವಿಸಿಕೊಂಡರು.

ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರೇ ಮೊದಲಾದವರ ಸಮಕ್ಷಮದಲ್ಲಿ ಬುಕ್ಕರಾಯನು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟನು. ಪಂಚಮಹಾವಾದ್ಯಗಳಿಗೂ ಕಲಶಕ್ಕೂ ಜೈನರು ಮುನ್ನಿನಂತೆ ಅರ್ಹರೆಂದು ವಿಧಿಸಿದನು. ಜೈನಧರ್ಮದ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮವೆಂದೇ ಭಾವಿಸತಕ್ಕದ್ದೆಂದು ಕಟ್ಟುಮಾಡಿದನು.

ಬಾಯಿಮಾತಿನ ರಾಜಿ ಬಹುಕಾಲ ಬಾಳದು. ಆದುದರಿಂದ ತೀರ್ಪು ನಡೆಯುವ ಮಾರ್ಗವೂ ಅದರಲ್ಲಿಯೇ ಅಡಕವಾಯಿತು. ರಾಜ್ಯದ ಜೈನರು ಮನೆಯೊಂದಕ್ಕೆ ವರ್ಷಕ್ಕೆ 1 ಹಣ ಕೊಡುವುದು. ತಿರುಮಲೆಯ ತಾತಯ್ಯನು ಆ ಹಣದಿಂದ ಬೆಳಗೊಳದ ದೇವರ ರಕ್ಷಣೆಗೆ 20 ಮಂದಿ ಕಾವಲಿನವರನ್ನು ನೇಮಿಸುವುದು. ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಹೊಡೆಸುವುದು. ಹೀಗೆ ಹಣ ಜೈನರದು, ಅದರ ಹೊಣೆ ವೈಷ್ಣವರದು. ಎದುರು ಪಕ್ಷದವರನ್ನೇ ರಕ್ಷಕರನ್ನಾಗಿಸಿದ್ದು ಈ ನ್ಯಾಯದ ಹಿರಿಮೆ. ಕಟ್ಟಳೆ ಮೀರಿದವನು ರಾಜದ್ರೋಹಿ, ಸಂಘದ್ರೋಹಿ ಎನಿಸುತ್ತಿದ್ದನು.

ಮುಂದೆ ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯು ರಾಯನಲ್ಲಿ ಬಿನ್ನಹ ಮಾಡಿ, ತಾತಯ್ಯನನ್ನು ಬರಮಾಡಿಕೊಂಡು ಜೀರ್ಣೋದ್ಧಾರ ಮಾಡಿಸಿದನು. ಉಭಯ ಸಮಯದವರೂ ಕೂಡಿ ಆತನಿಗೆ ಸಂಘನಾಯಕ ಪಟ್ಟ ಕಟ್ಟಿದರು. ಒಮ್ಮೆ ವ್ಯಾಜ್ಯವಾಡಿದವರೇ ಒಂದುಗೂಡಿ ಒಬ್ಬ ಸೆಟ್ಟಿಯನ್ನು ಗೌರವಿಸಿದುದು ತೀರ್ಪಿನ ಸಾಫಲ್ಯಕ್ಕೆ ಸಾಕ್ಷಿ.

ಬುಕ್ಕರಾಯನು ಕಾಲವಾಗಿ ಆರು ಶತಮಾನಗಳು ಸಂದಿವೆ. ಆತನ ಸಾಮ್ರಾಜ್ಯವೂ ಅಳಿದಿದೆ. ಶ್ರವಣಬೆಳಗೊಳದಲ್ಲಿಯೂ, ಕಲ್ಲೆಹವೆನಿಸಿದ್ದ ಮಾಗಡಿ ಸೀಮೆಯ ಕಲ್ಯದಲ್ಲಿಯೂ ಆತನ ಶಾಸನ ಉಳಿದಿದೆ. ಮಂಗಳವಾದ್ಯಗಳ ನಡುವೆ ಬಸದಿಯ ಶಿಖರಕ್ಕೆ ಕಲಶವೇರುವ ಶುಭಮುಹೂರ್ತದಲ್ಲಿ, ಆ ವಾದ್ಯಕ್ಕೂ ಕಲಶಕ್ಕೂ ನ್ಯಾಯದ ರಕ್ಷೆಯಿತ್ತ ಅರಸನು ಸ್ಮರಣೀಯನು.