ಪೋಷಕನಟ, ಚಿತ್ರಶಿಲ್ಪಿ ಜಿ. ವಿ. ಅಯ್ಯರ್

ಶ್ರೀಕಂಠೇಶ್ವರನ ಸನ್ನಿಧಿಯನ್ನು ಹಾದು ಹರಿಯುವ ಕಪಿಲೆ ಮುಂದೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಈ ಕಪಿಲಾತೀರದ ನಂಜನಗೂಡಿನಲ್ಲಿ 1917ರಲ್ಲಿ ಜನಿಸಿದವರು ಗಣಪತಿ ವೆಂಕಟರಮಣ ಅಯ್ಯರ್. ಎಂಟನೆಯ ವಯಸ್ಸಿನಲ್ಲಿಯೇ ಅವರು ಗುಬ್ಬಿ ವೀರಣ್ಣನವರ ನಾಟಕ ಮಂಡಳಿಯನ್ನು ಸೇರಿದರು. ಅದೇ ಅವರ ಗುರುಕುಲವಾಯಿತು.

1943ರ ‘ರಾಧಾರಮಣ’ದಿಂದ ಅವರ ಚಿತ್ರಜೀವನ ಮೊದಲಾಯಿತು. ‘ಬೇಡರ ಕಣ್ಣಪ್ಪ’, ‘ಸೋದರಿ’, ‘ಮಹಾಕವಿ ಕಾಳಿದಾಸ’ ಮುಂತಾದವುಗಳಲ್ಲಿ ಪೋಷಕ ಪಾತ್ರಗಳಿಂದಲೇ ಹೆಸರಾದರು. ನಿರ್ದೇಶಕ ಅಯ್ಯರರ ಕೀರ್ತಿಯ ನಡುವೆ ಈ ನಟನನ್ನು ಜನ ಮರೆತದ್ದು ಉಚಿತವಲ್ಲ. ಕಥೆಯನ್ನು ಹೊರುವ ಕಂಬಗಳು ಇಂತಹ ಪಾತ್ರಗಳೇ ಅಲ್ಲವೆ?

ಆಗ ಕನ್ನಡ ಚಿತ್ರಗಳು ಬಹುಮಟ್ಟಿಗೆ ಮದರಾಸಿನಲ್ಲಿ ತಯಾರಾಗುತ್ತಿದ್ದವು. ಚಿತ್ರಗಳ ಸಂಖ್ಯೆಯೇ ಅಲ್ಪ. ಕಲಾವಿದರಿಗೆ ಕೆಲಸವಿಲ್ಲದ ದಿನಗಳೇ ಹೆಚ್ಚು. ಊರು ಬಿಟ್ಟು ಹೋದವರು ಬರಿಗೈಯಲ್ಲಿ ಹಿಂದಿರುಗಬೇಕಾದ ಆ ಸಂಕಟದಲ್ಲಿ ಅಯ್ಯರರು ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು ಇವರೊಡನೆ ಕಲಾವಿದರ ಸಂಘವನ್ನು ಕಟ್ಟಿದರು. ಊರೂರುಗಳಲ್ಲಿ ನಾಟಕವಾಡಿ ಹಣ ಕೂಡಿಸಿ, 1960ರಲ್ಲಿ ‘ರಣಧೀರ ಕಂಠೀರವ’ವನ್ನು ತೆರೆಗೆ ತಂದರು. ಮೈಸೂರರಸರ ಆ ಶೌರ್ಯಕಥೆಗೆ ಸಾಹಿತ್ಯವನ್ನೊದಗಿಸಿದವರೂ ಅಯ್ಯರರೇ.

1962ರ ‘ಭೂದಾನ’ದಿಂದ ನಿರ್ದೇಶಕರಾದರು. ಅದೇ ವರ್ಷದ ‘ತಾಯಿ ಕರುಳು’ ಚಿತ್ರಕ್ಕೆ ಅವರು ಬರೆದ ದೇಶಭಕ್ತಿಗೀತೆ ಶಾಲಾಮಕ್ಕಳ ನಾಲಗೆಯ ಮೇಲೆ ನೆಲೆಸಿತು. ಹಲವು ಜನಪ್ರಿಯ ಚಿತ್ರಗಳ ತರುವಾಯ 1971ರಲ್ಲಿ, ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ಕ್ಕೆ ನಿರ್ಮಾಪಕರಾದರು. ಆ ಕಾದಂಬರಿಯ ಶ್ರೋತ್ರಿಗಳ ಮನೆ ಇರುವುದು ನಂಜನಗೂಡಿನಲ್ಲಿಯೇ! ಎಳವೆಯಲ್ಲಿ ತೊರೆದ ಊರಿಗೆ ಅವರು ಕಲೆಯ ಮೂಲಕ ಮರಳಿದರೆನ್ನಬಹುದು.

ಬಳಿಕ ಅಯ್ಯರರ ದಾರಿಯೇ ಬದಲಾಯಿತು. 1975ರಲ್ಲಿ, ಐವತ್ತೆಂಟರ ಪ್ರಾಯದಲ್ಲಿ, ತ. ರಾ. ಸು. ಅವರ ‘ಹಂಸಗೀತೆ’ಯನ್ನು ಚಿತ್ರವಾಗಿಸಿದರು. 1983ರ ‘ಆದಿ ಶಂಕರಾಚಾರ್ಯ’ ಸಂಪೂರ್ಣವಾಗಿ ಸಂಸ್ಕೃತದಲ್ಲಿ ತಯಾರಾದ ಪ್ರಪ್ರಥಮ ಚಲನಚಿತ್ರ. ಬಾಲಶಂಕರನ ಸಂಗಡಿಗರಾಗಿ ಮೃತ್ಯು, ಪ್ರಜ್ಞೆಗಳೇ ಮಾನವರೂಪ ತಳೆದು ನಡೆಯುವುದು ಅದರಲ್ಲಿನ ಅಪೂರ್ವ ಕಲ್ಪನೆ. ಕೇಳಿ ತಿಳಿಯುವವರು ವಿರಳವಾದ ಭಾಷೆಯಲ್ಲಿ ಚಿತ್ರ ತೆಗೆಯುವುದು ಸಾಹಸವೇ ಸರಿ. ಅದು ವರ್ಷದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ‘ಮಧ್ವಾಚಾರ್ಯ’, ‘ರಾಮಾನುಜಾಚಾರ್ಯ’ಗಳ ನಂತರ ಬಂದ ಸಂಸ್ಕೃತದ ‘ಭಗವದ್ಗೀತೆ’ಗೂ ಅದೇ ಗೌರವ ಸಂದಿತು.

ಖಾದಿಯುಟ್ಟು, ಪಾದರಕ್ಷೆಯಿಲ್ಲದೆ ನಡೆಯುತ್ತಿದ್ದ ಅವರನ್ನು ಜನ ಬರಿಗಾಲ ನಿರ್ದೇಶಕರೆಂದೇ ಕರೆದರು. ರಾಮಾಯಣವನ್ನು ತೆರೆಗೆ ತರುವ ಯತ್ನದಲ್ಲಿದ್ದಾಗಲೇ, 2003ರ ಡಿಸೆಂಬರ್ 21ರಂದು, ತಮ್ಮ 86ನೆಯ ವಯಸ್ಸಿನಲ್ಲಿ ಮುಂಬಯಿಯಲ್ಲಿ ಕಾಲವಶರಾದರು.